ಅರಗು ಹಚ್ಚಿದ ಮುಚ್ಚಳ

"ಒತ್ತಿ ನೋಡ್ರಿ" ಎಂದೆ.

ಪಿಎಸ್‌ಐ ಮಿಲಿಂದ ಆ ಹಿತ್ತಾಳೆ ಮುಚ್ಚಳವನ್ನು ಬೋರಲು ಹಿಡಿದು, ಒಳಗಿನ ತಟ್ಟೆಯ ಮೇಲೆ ಹೆಬ್ಬೆರಳು ಇಟ್ಟು ಒತ್ತಿದರು. ತಟ್ಟೆ ಬಿಗಿಯಾಗಿ ಕೆಳಗಿಳಿಯಿತು. ಬೆರಳು ತೆಗೆದ ಕೂಡಲೇ ಟಪ್ಪೆಂದು ಮೇಲೆ ಬಂತು.

"ಸ್ಪ್ರಿಂಗ್ ಅದ."

"ನಾ ಕೂಡಿಸಿದ್ದಕ್ಕ ಸ್ಪ್ರಿಂಗ್ ಇದ್ದಿಲ್ರಿ" ಎಂದ ಮುನಾಫ. ಇವತ್ತು ಮುಂಜಾನೆ ಹಿಡಿದು ತಂದಾಗಿನಿಂದ ಅವನು ಇದೊಂದೇ ಮಾತು ಹೇಳುತ್ತಿದ್ದ. ಆ ಠಾಣೆಯಲ್ಲಿ ಕೇಳುವ ಕಿವಿ ಇರಲಿಲ್ಲ.

ಸೋಮವಾರ ಟಿಕೋಟದ ಅರವಟ್ಟಿಗೆಯ ಮುಂದೆ ತಮ್ಮ ಮೂವತ್ತಾರನೇ ಇಸವಿಯ ಮಾರಿಸ್ ಕಾರು ನಿಲ್ಲಿಸಿ, ಇದೇ ರೇಡಿಯೇಟರ್ ಮುಚ್ಚಳ ತಿರುವಿದ ಬಬಲೇಶ್ವರದ ಗುರಲಿಂಗಪ್ಪ ಸಾವ್ಕಾರರು ಮುಖ, ಎದೆ ಬೆಂದು ಸತ್ತಿದ್ದರು; ಆ ಕಾರಿಗೆ ಹೊಸ ಕಾಲದ ರೇಡಿಯೇಟರ್ ಕೂಡಿಸಿಕೊಟ್ಟ ತಪ್ಪಿಗೆ ವಿಜಯಪುರದ ಮೆಕ್ಯಾನಿಕ್ ಮುನಾಫ ಇಲ್ಲಿ ಕುಳಿತಿದ್ದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ನಾನು ಪೊಲೀಸಳಲ್ಲ. ಕೆಟ್ಟ ಗಾಡಿ, ಸುಟ್ಟ ಗಾಡಿ ನೋಡಿ ವಿಮಾ ಕಂಪನಿಗೆ ವರದಿ ಕೊಡುವ ಸರ್ವೇಯರ್. ಈ ಕೆಲಸದಲ್ಲಿ ಜನ ನನಗೆ ಹೇಳಿದ ಸುಳ್ಳುಗಳನ್ನೆಲ್ಲ ಒಟ್ಟಿದರೆ ಗೋಳಗುಮ್ಮಟದಲ್ಲೂ ಜಾಗ ಸಾಲದು. ಅದಕ್ಕೇ ನಾನು ಮನುಷ್ಯರ ಬಾಯಿ ನೋಡುವುದನ್ನು ಬಿಟ್ಟು ಗಾಡಿಯ ಬಾಯಿ ನೋಡುತ್ತೇನೆ.

"ಕೊಲ್ಲಾಕಂತನ ಮಾಡ್ಯಾನ ಅಂತ ನಾ ಅನ್ನೂದಿಲ್ರಿ ಮೇಡಂ" ಎಂದರು ಮಿಲಿಂದ. "ತಿಳೀದ ಮಾಡ್ಯಾನ. ಕೇಸ್ ಅಂತೂ ಆಗ್ತದ. ನಾಳೆ ಮುಂಜಾನೆ ಕೋರ್ಟಿಗೆ ಹಾಜರ ಮಾಡ್ತೀವಿ."

ಹೊರಗೆ ಮೆಟ್ಟಿಲ ಮೇಲೆ ಮುನಾಫನ ಹೆಂಡತಿ ಸಕೀನಾ ಬುತ್ತಿ ಹಿಡಿದು ಕುಳಿತಿದ್ದಳು. ಬುತ್ತಿ ಬಿಚ್ಚಿರಲಿಲ್ಲ. ನಾನು ಒಳಗೆ ಬರುವಾಗ ಅವಳು ಏನನ್ನೂ ಕೇಳಲಿಲ್ಲ, ನನ್ನ ಕೈಚೀಲವನ್ನಷ್ಟೇ ನೋಡಿದಳು. ಗಂಡನ ಬಿಡುಗಡೆ ಅದರೊಳಗೆ ಇರಬಹುದೇ ಎಂದು ನೋಡಿದ ಹಾಗಿತ್ತು.

"ತಿಳೀದ ಮಾಡಿದಂವ ಹಿಂಗ ಮಾಡೂದಿಲ್ರಿ. ಬರ್ರಿ" ಎಂದು ಎದ್ದೆ.

ಕಾರು ಠಾಣೆಯ ಅಂಗಳದಲ್ಲಿ ಬೇವಿನ ಗಿಡದ ಕೆಳಗೆ ನಿಂತಿತ್ತು. ಬಾನೆಟ್ಟಿನ ಮೇಲೆ ಹಕ್ಕಿಗಳು ಹೇತಿದ್ದವು. ಯಜಮಾನರು ಇದ್ದಿದ್ದರೆ ತಮ್ಮ ರುಮಾಲಿನಲ್ಲೇ ಒರೆಸುತ್ತಿದ್ದರಂತೆ.

"ಏನ ಮಾಡಿದಿ, ಮೊದಲಿಂದ ಹೇಳು" ಎಂದೆ.

ಮುನಾಫ ಕಾರಿನ ಮೂತಿಯ ಹತ್ತಿರ ಹೋಗಿ ನಿಂತ. ಕಾರು ಮುಟ್ಟಲು ಪೊಲೀಸರ ಅಪ್ಪಣೆ ಬೇಕೋ ಏನೋ ಎಂದು ಮಿಲಿಂದರ ಮುಖ ನೋಡಿದ. ಅವರು ತಲೆಯಾಡಿಸಿದರು.

"ಹಳೇ ಹಿತ್ತಾಳಿ ರೇಡಿಯೇಟರ್ ಬೆಸದು ಬೆಸದು ಬೆಸೀಲಿಕ್ಕೆ ಜಾಗಾನ ಉಳದಿದ್ದಿಲ್ರಿ. ಸಾವ್ಕಾರ್ರ ಮಗಾ ಸಿದ್ದರಾಮಣ್ಣಾರು ಹೊಸ ಕಾರಿಂದು ಅಲ್ಯೂಮಿನಿಯಂ ರೇಡಿಯೇಟರ್ ತಂದು ಕೊಟ್ರು. ಇದನ್ನ ಕೂಡಸು, ಆದ್ರ ಹೊರಗಿನ ಮೂತಿ ಹಳೇದ ಇರಬೇಕು, ಅಪ್ಪಗ ಗೊತ್ತಾಗಬಾರದು ಅಂದ್ರು. ಅಗಲ ಹೆಚ್ಚಾಗಿತ್ತು, ಪಟ್ಟಿ ಹೊಡದು ರಬ್ಬರ್ ಇಟ್ಟು ಕೂಡಿಸೀನಿ. ಈ ಗಾಡಿಗೆ ನೀರ ದೂಡೂ ಪಂಪ್ ಇಲ್ಲ. ಕಾದ ನೀರು ತಾನ ಏರ್ತದ, ಆರಿದ್ದು ತಾನ ಇಳೀತದ. ಅದಕ ಮ್ಯಾಲಿನ ಪೈಪು ದೊಡ್ಡದ ಮಾಡೀನಿ. ಹಿಂದ ಕರೆಂಟಿನ ಫ್ಯಾನ್ ಹಾಕೀನಿ. ಕರಿ ಬಣ್ಣಾ ಹೊಡದೀನಿ, ಜಾಳಿಗಿ ಸಂದ್ಯಾಗ ಹೊಳೀಬಾರದಂತ."

"ಮುಚ್ಚಳ?"

"ಹಳೇ ಹಿತ್ತಾಳಿ ಮುಚ್ಚಳ ಹೊಸ ಬಾಯಿಗೆ ಕೂಡ್ಲಿಲ್ರಿ. ಸ್ಪ್ರಿಂಗ್ ಇಲ್ಲದ ಸಾದಾ ಮುಚ್ಚಳ ತಂದು, ಹಿತ್ತಾಳಿ ಚಿಪ್ಪು ಅದರ ಮ್ಯಾಲಿಟ್ಟು ಸೀಸದ ಬೆಸುಗಿ ಹಾಕೀನಿ. ಈ ಎಂಜಿನ್ನು ಒತ್ತಡ ತಡಿಯೂದಿಲ್ಲಂತ ಗೊತ್ತದರಿ ನನಗ."

ಮಿಲಿಂದರಿಗೆ ನಾನು ಬಿಡಿಸಿ ಹೇಳಬೇಕಾಯಿತು. ಹಳೆಯ ಗಾಡಿಯಲ್ಲಿ ನೀರು ಕುದ್ದರೆ ಉಗಿ ಸಣ್ಣ ಕೊಳವೆಯಿಂದ ಹೊರಗೆ ಹೋಗುತ್ತದೆ. ಮುಚ್ಚಳ ತೆಗೆದರೆ ಕೈಗೆ ಬಿಸಿ ಹತ್ತಬಹುದು, ಹೆಚ್ಚೇನಿಲ್ಲ. ಸ್ಪ್ರಿಂಗಿನ ಮುಚ್ಚಳ ಉಗಿಯನ್ನು ಒಳಗೇ ಹಿಡಿದಿಡುತ್ತದೆ. ಕುಕ್ಕರು ಸೀಟಿ ಹೊಡೆಯುವ ಮೊದಲೇ ಮುಚ್ಚಳ ಕಿತ್ತರೆ ಏನಾಗುತ್ತದೋ ಸಾವ್ಕಾರರಿಗೂ ಅದೇ ಆಯಿತು.

"ಫ್ಯಾನ್ ಇತ್ತಲ್ರಿ. ಅಷ್ಟ್ಯಾಕ ಕಾದೀತು?"

ನಾನು ಬಾನೆಟ್ ಎತ್ತಿ ತೋರಿಸಿದೆ. ಫ್ಯಾನಿನ ವೈರು ಹರಿದಿರಲಿಲ್ಲ. ಯಾರೋ ತಾಳ್ಮೆಯಿಂದ ಸ್ಕ್ರೂ ಸಡಿಲಿಸಿ, ವೈರು ತೆಗೆದು, ಸ್ಕ್ರೂ ಮತ್ತೆ ಬಿಗಿದಿದ್ದರು.

ಮುನಾಫ ಅದನ್ನು ಈಗಲೇ ನೋಡಿದ. ಬಿಗಿದ ಸ್ಕ್ರೂವನ್ನು ಉಗುರಿನಿಂದ ಕೆರೆದ. ತನ್ನ ಕೆಲಸವನ್ನು ಇನ್ನೊಬ್ಬರು ಕೆಡಿಸಿದ್ದು ಕಂಡಾಗ ಬರುವ ಸಿಟ್ಟು ಅದು. ಬಡವನ ಸಿಟ್ಟು ದವಡೆಗೆ ಮೂಲ ಎಂದು ಗೊತ್ತಿದ್ದವನು, ನುಂಗಿಕೊಂಡ.

ಮುಚ್ಚಳವನ್ನು ಬಿಸಿಲಿಗೆ ಹಿಡಿದೆ. ಹಿತ್ತಾಳೆ ಚಿಪ್ಪು ಮತ್ತು ಒಳಗಿನ ಉಕ್ಕಿನ ನಡುವೆ ಸೀಸ ಇರಲಿಲ್ಲ. ಕಂದು ಬಣ್ಣದ್ದೇನೋ ಕರಗಿ, ಅಂಚಿಗೆ ಇಳಿದು ಗಟ್ಟಿಯಾಗಿತ್ತು. ಉಗುರಿನಿಂದ ಕೆರೆದು ಒಂದು ಚೂರು ತೆಗೆದು, ಮಿಲಿಂದರ ಲೈಟರಿನಿಂದ ಕಾಯಿಸಿದೆ.

ವಾಸನೆ ಬಂದದ್ದೇ ನನಗೆ ನಮ್ಮವ್ವನ ಬೋರಮಾಳ ಕಣ್ಣ ಮುಂದೆ ಬಂತು. ಅವ್ವ ತೀರಿಕೊಂಡ ಮೇಲೆ ತಂಗಿ ದೀಪಾಲಿಯ ಮದುವೆಗೆ ಆ ಸರ ಮುರಿಸಿ ಹೊಸದು ಮಾಡಿಸಿದವಳು ನಾನು. ಅವತ್ತು ನಮ್ಮ ಪತ್ತಾರ ಬಂಗಾರದ ಪೊಳ್ಳು ಗುಂಡುಗಳನ್ನು ಕಾಯಿಸಿದಾಗ ಒಳಗೆ ತುಂಬಿದ್ದ ಅರಗು ಕರಗಿ ಇದೇ ವಾಸನೆ ಎದ್ದಿತ್ತು.

"ಅರಗು" ಎಂದೆ. "ಗಾಡಿ ಕೆಲಸದವ್ರು ಯಾರೂ ಅರಗ ಹಚ್ಚೂದಿಲ್ಲ. ಇದು ಪತ್ತಾರನ ಕೈ ಕೆಲಸ."

"ಬಂಗಾರ ಬೆಳ್ಳಿ ಮಾಡೂ ಪತ್ತಾರ? ಇದಕ್ಕೇನ್ ಸಂಬಂಧರಿ?"

"ಅದನ್ನ ಕೇಳಾಕ ಹೊಂಟೀನಿ."

ಅಷ್ಟರಲ್ಲಿ ಫೋನ್ ಬಂತು, ದೀಪಾಲಿ. ಅವಳು ಈ ಕಾರಿನ ವಿಮಾ ಕಂಪನಿಯಲ್ಲೇ ಇದ್ದಾಳೆ. ಈ ಕೆಲಸ ನನಗೆ ಒಪ್ಪಿಸಿದ್ದೂ ಅವಳೇ. "ಅಕ್ಕಾ, ಉಂಡಿಯೇನ? ಬಿಸಿಲಾಗ ತಿರುಗಬ್ಯಾಡ. ಅದರಾಗ ನೋಡೂದೇನದ, ಅಂವಾ ಮೆಕ್ಯಾನಿಕ್ ಒಪ್ಕೊಂಡ್ರ ಮುಗೀತು" ಎಂದಳು. ಮಧ್ಯಾಹ್ನ ಅವಳ ಮನೆಗೇ ಊಟಕ್ಕೆ ಬರುತ್ತೇನೆಂದು ಹೇಳಿ ಇಟ್ಟೆ. ಈ ಲೋಕದಲ್ಲಿ ನನಗೆ ಉಂಡಿಯೇನ ಎಂದು ಕೇಳುವವಳು ಅವಳೊಬ್ಬಳೇ.

*

ಬಬಲೇಶ್ವರದ ಮನೆಯ ಕಟ್ಟೆಯ ಮೇಲೆ ಮಾತಾಡಿಸಲು ಬಂದವರು ಕುಳಿತಿದ್ದರು. ಸತ್ತವರ ಗುಣಗಾನ ನಡೆದಿತ್ತು. ಬದುಕಿದ್ದಾಗ ಈ ಮುದುಕ ಯಾರ ಮಾತೂ ಕೇಳುವುದಿಲ್ಲ ಎಂದು ಬೈದುಕೊಂಡವರೇ ಇವತ್ತು ಅವರದು ಕಲ್ಲಿನಂಥ ಮಾತು ಎನ್ನುತ್ತಿದ್ದರು.

ಮಗ ಸಿದ್ದರಾಮ ನನ್ನನ್ನು ಪಡಸಾಲೆಗೆ ಕರೆದ. ಒಣದ್ರಾಕ್ಷಿ ವ್ಯಾಪಾರದವನು, ನಲವತ್ತು ದಾಟಿದವನು. ಕಣ್ಣು ಕೆಂಪಾಗಿದ್ದವು. ಅಳುವಿನಿಂದಲೋ ನಿದ್ದೆಗೆಟ್ಟೋ ನನಗೆ ತಿಳಿಯಲಿಲ್ಲ.

"ರೇಡಿಯೇಟರ್ ಬದಲಾಯಿಸಿದ್ದು ನಿಮ್ಮಪ್ಪಾರಿಗೆ ಹೇಳಿದ್ರೇನು?"

"ಹೇಳಿದ್ರ ಕೇಳೂ ಮನಶ್ಯಾ ಅಲ್ರಿ ಅಂವಾ."

"ಅಂದ್ರ ಹೇಳಿಲ್ಲ."

"ಶ್ರೀಶೈಲಕ್ಕ ಹೋಗಿದ್ದ. ಆವಾಗ ಮಾಡಿಸೀನಿ. ಬೆಸುಗಿ ಹಾಕಿಸೀನಿ ಅಂತ ಅಂದೆ." ಸಿದ್ದರಾಮ ನೆಲ ನೋಡಿದ. "ವಾರಾ ವಾರಾ ಟಿಕೋಟಕ್ಕ ಹೋಗಾಂವ. ನಡುದಾರ್ಯಾಗ ಕುದ್ದು ನಿಂತ್ರ ನಾ ಓಡಬೇಕು. ಗಾಡಿ ಬಿಡೋ ಯಪ್ಪಾ ಅಂದ್ರ ಬಿಡಲಿಲ್ಲ. ಬಿಡೂದಿಲ್ಲಂದ್ರ ಗಾಡೀನರ ಛಲೋ ಇರಲಿ ಅಂತ ಮಾಡಿಸೀನಿ. ತಪ್ಪೇನ್ರಿ?"

"ಅವ್ರಿಗೆ ಗೊತ್ತಾಗಲಿಲ್ಲೇನು?"

ಒಳಬಾಗಿಲಲ್ಲಿ ಸಾವ್ಕಾರರ ಹೆಂಡತಿ ಕಾಶಿಬಾಯಿ ನಿಂತಿದ್ದರು. ಉತ್ತರ ಅವರಿಂದ ಬಂತು.

"ಗೊತ್ತಾಗಲಾರದ ಇರತದೇನವಾ. ಅರವಟಿಗಿ ಮುಂದ ನಿಲ್ಲಸಾಂವ. ಮೊದಲ ಗಾಡಿಗೆ ನೀರು, ಆಮ್ಯಾಲ ತನಗ. ಮದುವಿ ಆದಾಗಿಂದ ನೋಡೀನಿ, ಒಂದ ಸಲಾನೂ ತಾ ಮೊದಲ ಕುಡದಿಲ್ಲ. ಶ್ರೀಶೈಲದಿಂದ ಬಂದ ಮ್ಯಾಲ ಮೊದಲ ಸಲ ಮುಚ್ಚಳ ತಗದ್ರ ನೀರ ತುಂಬೇ ಇತ್ತಂತ. ಮನಿಗೆ ಬಂದು ಇಲ್ಲೇ ಕೂತ. ಗಾಡಿ ನೀರ ಕೇಳವಲ್ದು, ನಿನ್ನ ಮಗಾ ಅದಕ್ಕೇನ ಮಾಡ್ಯಾನ ಕೇಳು ಅಂದ. ಆ ದಿನದಿಂದ ತಂದಿ ಮಗಾ ಮಾತ ಬಿಟ್ರು. ಉಣ್ಣಾಕ ಬಾ ಅನ್ನೂದೂ ನನ್ನ ಬಾಯಿಲೇ ಆಗಬೇಕಿತ್ತು."

"ಅವ್ವಾ, ಸುಮ್ಮನಿರು."

"ಯಾಕ ಸುಮ್ಮನಿರಲಿ? ಹಳೇ ರೇಡಿಯೇಟರ್ ಎಲ್ಲೆ ಅದ ಅಂತ ಕೇಳಿದ. ಗುಜರಿಗೆ ಹಾಕೀನಿ ಅಂತ ಹೇಳಿಸಿದಿ. ಹಿತ್ತಲದಾಗ ಗೋಣಿಚೀಲದಾಗ ಇತ್ತು. ಸುಳ್ಳ ಯಾಕ ಹೇಳಿಸಿದ್ಯೋ?"

ಸಿದ್ದರಾಮ ಕಿಟಕಿಯ ಕಡೆ ತಿರುಗಿದ. ತಂದೆಯ ಮೇಲಿನ ಪ್ರೀತಿಗೆ ಸುಳ್ಳಿನ ಅಂಗಿ ತೊಡಿಸುವ ಮಕ್ಕಳನ್ನು ನಾನು ಬಹಳ ನೋಡಿದ್ದೇನೆ. ಇವರಿಗೆ ಮುದುಕರನ್ನು ಉಳಿಸಬೇಕು, ಆದರೆ ಮುದುಕರೊಡನೆ ಮಾತಾಡಬಾರದು. ನನಗೆ ಅವನ ಮೇಲೆ ಕನಿಕರ ಬರಲಿಲ್ಲ.

"ಮುಚ್ಚಳ ಬದಲಾಯಿಸಿದಾಂವ ಬ್ಯಾರೆ ಅದಾನ" ಎಂದೆ. "ನಿಮ್ಮ ಗಾಡಿ ಹತ್ರ ಹೋಗವ್ರು ಯಾರ್ಯಾರು?"

"ನಾ ಮಗಾ ಅದೀನ್ರಿ. ನನ್ನ ಮ್ಯಾಲ..."

"ನಿಮ್ಮ ಹೆಸರ ನಾ ತಗೊಂಡಿಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ ಅವನ ಕೈ ಕೊರಳಿಗೆ ಹೋಗಿ ಇಳಿಯಿತು. ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ ಹೇಳಿದ. "ಹೊರಗಿನವ್ರು ಅಂದ್ರ ನಿಮ್ಮ ಆಫೀಸಿನ ದೀಪಾಲಿ ಬಾಯಾರ ಒಬ್ರ ಬಂದಿದ್ರು. ಪಾಲಿಸಿ ಮಾಡಾಕ, ಗಾಡಿ ಫೋಟೋ ತಗ್ಯಾಕ. ಅಪ್ಪನ ಜೋಡಿ ಚಹಾ ಕುಡದ್ರು. ಇನ್ನೊಂದ ದೊಡ್ಡ ಪಾಲಿಸಿಗಂತ ಅಪ್ಪ ಅವ್ರ ಕೈಯಾಗ ಐದ ಲಕ್ಷ ರೊಕ್ಕಾ ಕೊಟ್ಟಿದ್ದ, ಅದರ ಪಾವತಿ ಇನ್ನೂ ಬಂದಿಲ್ಲ, ಆಫೀಸಿಗೇ ಹೋಗಿ ಕೇಳ್ತೀನಿ ಅಂತಿದ್ದ. ಹೊಸ ರೇಡಿಯೇಟರ್ ಹಾಕಿಸೀನಿ, ಅಪ್ಪಗ ಹೇಳಬ್ಯಾಡ್ರಿ ಅಂತ ನಾನ ಅವ್ರಿಗೆ ಹೇಳೀನಿ."

ನಾನು ತಲೆಯೆತ್ತಿದೆ. ಕೆಲಸ ಒಪ್ಪಿಸುವಾಗ ದೀಪಾಲಿ ನನಗೆ ಈ ಮನೆಗೆ ಬಂದದ್ದನ್ನೂ ಹೇಳಿರಲಿಲ್ಲ, ರೇಡಿಯೇಟರ್ ಬದಲಾದದ್ದನ್ನೂ ಹೇಳಿರಲಿಲ್ಲ. ಮರೆತಿರಬೇಕು ಎಂದುಕೊಂಡೆ. ಬೇರೆ ಯಾರೇ ಆಗಿದ್ದರೂ ನಾನು ಹಾಗೆ ಅಂದುಕೊಳ್ಳುತ್ತಿರಲಿಲ್ಲ.

"ನಿಮ್ಮ ಮನಿ ಪತ್ತಾರ ಯಾರ್ರಿ?" ಎಂದು ಕಾಶಿಬಾಯಿಯನ್ನು ಕೇಳಿದೆ.

ಮಗನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಆದರೆ ಆ ತಾಯಿ ಕೈಯಲ್ಲಿದ್ದ ಸೆರಗು ಬಿಟ್ಟರು.

"ದೇವಾನಂದ ಪತ್ತಾರ. ವಿಜಾಪುರದಾಗ, ಸಿದ್ಧೇಶ್ವರ ಗುಡಿ ಹಿಂದ. ನಮ್ಮತ್ತಿ ಕಾಲದಿಂದ ಅವ್ರ ಮನೀನ. ಯಾಕವಾ? ಹಿಂದಿನ ದಿನಾ ಐತವಾರ ಅಲ್ಲಿಗೇ ಹೋಗಿ ಬರ್ತೀನಿ ಅಂತ ಬಸ್ಸಿಗೆ ಹೋದ. ಏನ ಬಂಗಾರ ತರ್ತೀಯಪ್ಪಾ ಅಂತ ನಕ್ಕೆ. ಕೈಯಾಗ ಪಂಚೇದಾಗ ಸುತ್ತಿದ ಗಂಟಿತ್ತು."

ಹೇಳುತ್ತ ಹೇಳುತ್ತ ಆ ಗಂಟಿನಲ್ಲಿ ಏನಿತ್ತೆಂದು ಅವರಿಗೆ ಹೊಳೆಯಿತು. ಕೆಳಗೆ ಕುಳಿತುಬಿಟ್ಟರು. ಸಿದ್ದರಾಮ ಅವ್ವನ ಹತ್ತಿರ ಹೋದ. ಅವರು ಅವನ ಕೈ ಸರಿಸಿದರು.

*

ದೇವಾನಂದ ಪತ್ತಾರರ ಅಂಗಡಿ ಗುಡಿಯ ಹಿಂದಿನ ಓಣಿಯಲ್ಲಿ ನಾಲ್ಕು ಮೆಟ್ಟಿಲು ಮೇಲಿತ್ತು. ಹಲ್ಲಿಲ್ಲದ ಮುದುಕ. ವಿಮಾ ಕಂಪನಿಯಿಂದ ಬಂದವಳು ಎಂದಷ್ಟೇ ಹೇಳಿದೆ. ಮುಚ್ಚಳದ ಫೋಟೋ ತೋರಿಸಿದಾಗ ಅವರು ಕನ್ನಡಕ ಹಣೆಗೆ ಏರಿಸಿದರು.

"ನಂದ ಕೆಲಸ. ಸಾವ್ಕಾರ್ರು ತಂದಿದ್ರು. ಯಾಕ ತಂಗಿ, ಬಿಚ್ಚಿತೇನು?"

ಅವರಿಗೆ ಸುದ್ದಿ ಮುಟ್ಟಿರಲಿಲ್ಲ. ಹೇಳಿದೆ. ಮುದುಕ ಊದುಗೊಳವೆಯನ್ನು ಕೈಯಿಂದ ಕೆಳಗಿಟ್ಟ.

"ಎರಡು ಮುಚ್ಚಳ ತಂದಿದ್ರವಾ. ಒಂದು ಹಿತ್ತಾಳಿ ಚಿಪ್ಪಿಂದು, ಒಂದು ಹೊಸಾದು, ಬಜಾರದಾಗಿಂದು. ಈ ಚಿಪ್ಪು ಬಿಚ್ಚಿ ಆ ಹೊಸದಕ್ಕ ಕೂಡಸು ಅಂದ್ರು. ಒಳಗ ರಬ್ಬರ್ ಇತ್ತು, ಬೆಂಕಿ ಹಿಡದ್ರ ಸುಡ್ತದ. ಅದಕ ಅರಗ ಹಚ್ಚಿ ಕೂಡಿಸಿದೆ. ಕಾದ್ರ ಅರಗ ಕರಗ್ತದರಿ ಸಾವ್ಕಾರ್ರ ಅಂದೆ. ಒಂದ ಸಲ ಕಾದ್ರ ಸಾಕೋ ಅಂತ ನಕ್ಕರು."

"ಬಿಚ್ಚಿದ್ದ ಹಳೇ ಮುಚ್ಚಳ?"

ಮುದುಕ ಹಿಂದಿನ ಡಬ್ಬಿಯಲ್ಲಿ ಕೈಯಾಡಿಸಿ ಒಂದು ಉಕ್ಕಿನ ಮುಚ್ಚಳ ತೆಗೆದು ನನ್ನ ಮುಂದೆ ಇಟ್ಟ. ಕರವಸ್ತ್ರದಲ್ಲಿ ಹಿಡಿದು ಒಳಮೈ ಒತ್ತಿದೆ. ಅಲುಗಲಿಲ್ಲ. ಸ್ಪ್ರಿಂಗ್ ಇರಲಿಲ್ಲ. ಮೇಲೆ ಸುತ್ತಲೂ ಸೀಸದ ಬೆಸುಗೆಯ ಗುರುತು ಅಚ್ಚುಕಟ್ಟಾಗಿ ಉಳಿದಿತ್ತು.

ಮುನಾಫ ನಿಜ ಹೇಳಿದ್ದ. ನನಗೆ ಆ ಕ್ಷಣ ಹಿಗ್ಗಾಯಿತು, ಮುಚ್ಚುಮರೆಯೇಕೆ. ಮಿಲಿಂದರಿಗೆ ಫೋನ್ ಮಾಡಿ, ಮುನಾಫನನ್ನೂ ಸಾಕ್ಷಿಗೆ ಪಂಚರನ್ನೂ ಕರೆದುಕೊಂಡು ಬನ್ನಿ, ಅವನು ತನ್ನ ಬೆಸುಗೆಯನ್ನು ತಾನೇ ಗುರುತಿಸಲಿ ಎಂದೆ. ಸಕೀನಾಗೆ ಬುತ್ತಿ ಬಿಚ್ಚಲು ಹೇಳಿ ಎಂದೂ ಸೇರಿಸಿದೆ.

ಅವರು ಬರುವವರೆಗೆ ಪತ್ತಾರರು ಚಹಾ ತರಿಸಿದರು. ನಾನು ಉಳಿದ ಪ್ರಶ್ನೆ ಕೇಳಿದೆ.

"ಸ್ಪ್ರಿಂಗಿನ ಮುಚ್ಚಳ ಹಾಕಬೇಕಂತ ಅವ್ರಿಗೆ ಹೇಳಿದವ್ರ ಯಾರು?"

"ಫೋನ್ ಬಂತವಾ, ಇಲ್ಲೇ ಕೂತಾಗ. ಸಾವ್ಕಾರ್ರಿಗೆ ಕಿವಿ ಮಂದ, ದೊಡ್ಡದಾಗಿ ಕೇಳೂವಂಗ ಇಟ್ಟಿದ್ರು. ಹೆಣ್ಣಮಗಳು. ಮೊದಲ ಹೇಳಿದಂಗನ ಮಾಡ್ರಿ, ಫ್ಯಾನಿನ ವೈರು ತಗೀರಿ, ಈ ಮುಚ್ಚಳ ಹಾಕ್ರಿ, ಹೊಸ ರೇಡಿಯೇಟರ್ ತಾನ ಒಡೀತದ, ನಿಮ್ಮ ಮಗಾ ತಾನ ಹಳೇದ ತಂದು ಕೂಡಸ್ತಾನ ಅಂದ್ಳು. ಸಾವ್ಕಾರ್ರು ಭಾಳ ಖುಷಿಯಾಗಿದ್ರು."

ಮಗನ ಕೈಯಿಂದಲೇ ಹಳೆಯದನ್ನು ವಾಪಸ್ ಕೂಡಿಸಿಕೊಳ್ಳುವ ಹಟಕ್ಕೆ ಮುದುಕ ತನ್ನ ಗಾಡಿಯನ್ನು ತಾನೇ ಕೆಡಿಸಿದ್ದ. ಮಗ ನಿಜ ಹೇಳಿದ್ದರೆ ಹಿತ್ತಲಿನ ಗೋಣಿಚೀಲದಲ್ಲೇ ಸಿಗುತ್ತಿತ್ತು.

"ಮತ್ತೇನಂದ್ಳು?"

"ಅರವಟಿಗಿ ಮುಂದ ನೀರ ಹಾಕೂದ ಬಿಡಲೇನವಾ ಅಂತ ಸಾವ್ಕಾರ್ರು ಕೇಳಿದ್ರು." ಪತ್ತಾರರು ಚಹಾದ ಬಟ್ಟಲು ಕೆಳಗಿಟ್ಟರು. "ಯಾಕ ಬಿಡ್ತೀರಿ ಕಾಕಾರ, ಎಂದಿನಂಗ ಮುಚ್ಚಳ ತಗದು ಹಾಕ್ರಿ ಅಂದ್ಳು."

ನಾನೂ ಬಟ್ಟಲು ಕೆಳಗಿಟ್ಟೆ. ಇಲ್ಲಿಯವರೆಗೆ ಅದು ಕುಚೋದ್ಯವೂ ಆಗಿರಬಹುದಿತ್ತು. ಈ ಒಂದು ಮಾತಿನಿಂದ ಕೊಲೆಯಾಯಿತು.

"ಹೆಸರ ಹೇಳಿದ್ಳೇನು?"

"ಫೋನ್ ಇಟ್ಟ ಮ್ಯಾಲ ನಾನ ಕೇಳಿದೆ, ಯಾರ್ರಿ ಇಷ್ಟ ಶ್ಯಾಣ್ಯಾಕಿ ಅಂತ. ವಿಮಾದಾಕಿ ಅದಾಳೋ, ಮಾರಿ ನೋಡಿಲ್ಲ, ಫೋನಿನ್ಯಾಗ ವಿಜಯಲಕ್ಷ್ಮೀ ಅಂತ ಹೆಸರ ಹೇಳ್ತಾಳ ಅಂದ್ರು. ನಿಮಗ ಗುರ್ತ ಇರಬೇಕಲ್ಲ?"

ನಾನು ಗುರಲಿಂಗಪ್ಪನವರನ್ನು ಬದುಕಿದ್ದಾಗ ನೋಡಿದವಳೇ ಅಲ್ಲ. ಅವರ ದನಿ ಹೇಗಿತ್ತೆಂದೂ ನನಗೆ ಗೊತ್ತಿಲ್ಲ. ವಿಮೆಯ ಕೆಲಸದಲ್ಲಿ ಈ ಜಿಲ್ಲೆಯಲ್ಲಿ ವಿಜಯಲಕ್ಷ್ಮೀ ಎಂದರೆ ನಾನೊಬ್ಬಳೇ. ಯಾರೋ ಮುದುಕನಿಗೆ ಗುಂಡಿ ತೋಡುವಾಗ ನನ್ನ ಹೆಸರಿನ ಗುದ್ದಲಿ ತೆಗೆದುಕೊಂಡಿದ್ದರು.

ಕೆಳಗೆ ಜೀಪು ನಿಂತ ಸದ್ದಾಯಿತು. ಮಿಲಿಂದ ಮೆಟ್ಟಿಲು ಹತ್ತಿ ಬಂದರು, ಹಿಂದೆ ಮುನಾಫ, ಪಂಚರಿಬ್ಬರು. ನನ್ನ ಕೈಯಲ್ಲಿದ್ದ ಮುಚ್ಚಳವನ್ನು ಅವನು ದೂರದಿಂದಲೇ ಗುರುತಿಸಿದ. "ನಂದ ಕೆಲಸರಿ" ಎಂದು ಹೇಳಿ ಗೋಡೆಗೆ ಕೈಯಾನಿಸಿ ನಿಂತ. ಅವನ ಕಣ್ಣಲ್ಲಿ ನೀರು ಬಂತು. ಯಾರದೋ ಮಾತು ಕೇಳಿ ಸಾವ್ಕಾರರೇ ಮುಚ್ಚಳ ಬದಲಾಯಿಸಿದ್ದನ್ನು ನಾನು ಮಿಲಿಂದರಿಗೆ ಹೇಳಿದೆ.

"ಇಷ್ಟ ಸಾಲೂದಿಲ್ರಿ ಮೇಡಂ" ಎಂದರು ಮಿಲಿಂದ. "ಇಂವಗ ಸಾವ್ಕಾರ್ರ ಮ್ಯಾಲ ಹಗೀನೂ ಇರಲಿಲ್ಲ, ಖರೆ. ಆದ್ರ ಹೇಳಿಕೊಟ್ಟವ್ರ ಯಾರಂತ ಗೊತ್ತಾಗೂತನಕ ಇಂವನ್ನ ನಾ ಬಿಡಾಕ ಬರೂದಿಲ್ಲ. ಮೆಕ್ಯಾನಿಕನ ಹೇಳಿಕೊಟ್ಟಾನ ಅಂತ ಕೋರ್ಟಿನಾಗ ಅಂತಾರ."

"ಹೇಳಿಕೊಟ್ಟಾಕಿ ಹೆಣ್ಣಮಗಳು. ಅಜ್ಜಾರು ದನಿ ಕೇಳ್ಯಾರ" ಎಂದೆ. ನನ್ನ ಹೆಸರನ್ನೂ ಹೇಳಲು ಬಾಯಿ ತೆರೆದಿದ್ದೆ.

ಆಗ ನನ್ನ ಫೋನ್ ಬಡಿದುಕೊಂಡಿತು. ಒಂದು ಕೈಯಲ್ಲಿ ಕರವಸ್ತ್ರ, ಅದರಲ್ಲಿ ಮುಚ್ಚಳ. ಚಾಪೆಯ ಮೇಲಿದ್ದ ಫೋನನ್ನು ಹಾಗೆಯೇ ಬೆರಳಿನಿಂದ ಮುಟ್ಟಿ ಸ್ಪೀಕರಿಗೆ ಹಾಕಿದೆ.

"ಅಕ್ಕಾ, ಎಲ್ಲೆ ಇದ್ದಿ? ದಾರಿ ನೋಡಾಕತ್ತೀನಿ. ನಿನಗಂತ ಜುಣಕಾ ಮಾಡೀನಿ, ಆರಿ ಹೋಗಾಕತ್ತದ."

ಪತ್ತಾರರು ಬಟ್ಟಲಿಗೆ ಚಾಚಿದ ಕೈ ಹಿಂದೆಗೆದರು. ಅವರು ಫೋನ್ ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ತಂಗೀ, ಇದ ದನಿ" ಎಂದರು.

"ಯಾರ್ದು?" ಎಂದು ಮಿಲಿಂದ ಮುಂದೆ ಬಂದರು. "ಯಾರ ಮಾತಾಡಾಕತ್ತಾರ ಮೇಡಂ?"

ಗೋಡೆಗೆ ಒರಗಿದ್ದ ಮುನಾಫ ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಉತ್ತರ ಹೇಳಿದರೆ ಅವನು ಮನೆಗೆ ಹೋಗುತ್ತಾನೆ. ಅದು ಅವನಿಗೂ ಗೊತ್ತಿತ್ತು.

"ಅಕ್ಕಾ? ಕೇಳಸ್ತದೇನು ಅಕ್ಕಾ? ಉಂಡಿಲ್ಲ ಹೌದಿಲ್ಲೋ ನೀ?"